ಜಾಝಿಗೆ ಹೊದಿಸಿದ ಶಾಲು

ಏಪ್ರಿಲ್ ತಿಂಗಳ ಸೆಕೆಯಲ್ಲಿ ಮೈತುಂಬ ಉಣ್ಣೆ ಹೊತ್ತು ತಿರುಗುವ ಪ್ರಾಣಿಗಳು ನಮ್ಮ ಸೀಮೆಯಲ್ಲಿ ಎರಡೇ. ಒಂದು ಕುರಿ, ಇನ್ನೊಂದು ಸನ್ಮಾನಿತ. ಕುರಿಗೆ ಬೇರೆ ದಾರಿಯಿಲ್ಲ. ಸನ್ಮಾನಿತ ಮಾತ್ರ ತಾನಾಗಿಯೇ ಕತ್ತು ಬಗ್ಗಿಸಿ ಶಾಲು ಹೊದಿಸಿಕೊಂಡು, ಬೆವರು ಒರೆಸಿಕೊಳ್ಳಲೂ ಆಗದೆ, ಫೋಟೋದವನ ಕಡೆ ನೋಡಿ ನಗುತ್ತಾನೆ. ಹೊರಗಿನವನಂತೆ ಈ ಮಾತು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಹಾನಗಲ್ಲಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿದೆ. ಕಾಲೇಜಿನಲ್ಲಿ ಕನ್ನಡ ಕಲಿಸಿ, ಒಂದೆರಡು ತೆಳ್ಳನೆಯ ಪುಸ್ತಕ ಬರೆದ ತಪ್ಪಿಗೆ ನನಗೆ ಬಂದ ಶಾಲುಗಳೆಲ್ಲ ಅದರಲ್ಲಿ ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತ ಮಲಗಿವೆ. ಮುಚ್ಚಳ ಹಾಕಬೇಕಾದರೆ ಮೇಲೆ ಕೂಡ್ರಬೇಕು. ಆದರೂ ಯಾರಾದರೂ ಬಂದು ಇನ್ನೊಂದು ಹೊದಿಸುತ್ತೇವೆ ಎಂದರೆ ಬೇಡವೆಂದ ನೆನಪು ನನಗಿಲ್ಲ.

ಈ ಸಲ ಕರೆಯಲು ಬಂದವನು ಚನ್ನಬಸಣ್ಣ. ಹಿರೇಕೆರೂರಿನ ಗೋವಿನಜೋಳದ ದೊಡ್ಡ ವ್ಯಾಪಾರಿ. ಹೋದ ವರ್ಷ ಗೋವೆಗೆ ಹೋಗಿದ್ದಾಗ ಯಾವುದೋ ಹೋಟೆಲಿನಲ್ಲಿ ಜಾಝ್ ಕೇಳಿ ಬಂದ. ಗೋವೆಗೆ ಹೋದ ನಮ್ಮವರು ಸಾಮಾನ್ಯವಾಗಿ ಗೇರುಬೀಜ ತರುತ್ತಾರೆ, ಇಲ್ಲವೆ ಯಾರಿಗೂ ಹೇಳಲಾಗದ್ದನ್ನು ತರುತ್ತಾರೆ. ಇವನು ಒಂದು ಆಸೆಯನ್ನು ಹೊತ್ತು ತಂದ. ಹಾನಗಲ್ಲಿನ ಹೊರಗಿರುವ ತನ್ನ ಮಾವಿನ ತೋಪಿನಲ್ಲಿ ಬೇಸಿಗೆ ಜಾಝ್ ಉತ್ಸವ ಮಾಡುವುದು, ಗೋವೆಯ ಬ್ಯಾಂಡನ್ನೇ ಕರೆಸುವುದು, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನವರಿಗೆ ನೈಟ್ ಲೈಫ್ ಅಂದರೆ ಏನೆಂದು ತೋರಿಸುವುದು. ಆಹ್ವಾನ ಪತ್ರಿಕೆಯಲ್ಲೂ ಹಾಗೆಯೇ ಅಚ್ಚಾಗಿತ್ತು.

ನಮ್ಮಲ್ಲಿ ನೈಟ್ ಲೈಫ್ ಇಲ್ಲವೇ ಇಲ್ಲವೆಂದಲ್ಲ. ಹಾನಗಲ್ಲಿನಲ್ಲಿ ಅದು ಬಸ್ ಸ್ಟ್ಯಾಂಡಿನ ಎದುರು ದಿನದ ಕೊನೆಯ ಮಿರ್ಚಿ ಭಜಿ ಎಣ್ಣೆಯಿಂದ ಮೇಲೇಳುವ ಹೊತ್ತಿಗೆ ಮುಗಿಯುತ್ತದೆ. ಶಿಗ್ಗಾಂವಿಯವರಿಗೆ ಹೆದ್ದಾರಿಯ ಲಾರಿಗಳ ದೀಪ ಇರುವುದರಿಂದ ಅವರು ಸ್ವಲ್ಪ ಮುಂದುವರಿದವರು. ಸವಣೂರಿನವರು ನವಾಬರ ಕಾಲದ ರಾತ್ರಿಗಳನ್ನು ಕಣ್ಣಾರೆ ಕಂಡವರಂತೆ ಬಣ್ಣಿಸುತ್ತಾರೆ, ಬಣ್ಣಿಸಿ ಒಂಬತ್ತೂವರೆಗೆ ಮಲಗುತ್ತಾರೆ. ಹಿರೇಕೆರೂರಿನ ಬಗ್ಗೆ ಚನ್ನಬಸಣ್ಣನನ್ನೇ ಕೇಳಿದೆ. ಅವನು ತುಸು ಯೋಚಿಸಿ, ಅದಕ್ಕೇ ಹಾನಗಲ್ಲಿನಲ್ಲಿ ಮಾಡುತ್ತಿದ್ದೇನೆ ಎಂದ.

ಆಹ್ವಾನ ಪತ್ರಿಕೆಯನ್ನು ನಾನು ಎಲ್ಲರೂ ಓದುವ ಹಾಗೆಯೇ ಓದಿದೆ. ಅಂದರೆ ನನ್ನ ಹೆಸರು ಎಲ್ಲಿದೆ ಎಂದು ಹುಡುಕಿದೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತರು, ಉಪಸ್ಥಿತರು, ಅವರೆಲ್ಲ ಮುಗಿದ ಮೇಲೆ ‘ವಿಶೇಷ ಸನ್ಮಾನ’ ಎಂದು ನಾನು. ಫೋಟೋ ಹಳೆಯದಾದ್ದರಿಂದ ಕೂದಲೂ ಇತ್ತು. ಬ್ಯಾಂಡಿನವರ ಹೆಸರು ಪ್ರೆಸ್ಸಿನವನ ಹೆಸರಿಗಿಂತ ಸ್ವಲ್ಪ ಕೆಳಗೆ, ಅವನದಕ್ಕಿಂತ ಸಣ್ಣ ಅಕ್ಷರದಲ್ಲಿತ್ತು.

ಆ ಸಣ್ಣ ಅಕ್ಷರವನ್ನು ಓದಿದವಳು ನಮ್ಮಕ್ಕ. ಅಕ್ಕ ಶಿಗ್ಗಾಂವಿಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕೊಡಲೆಂದು ನಮ್ಮ ಮನೆಗೆ ಬಂದಿದ್ದಳು. ಬ್ಯಾಂಡು ಎಂದು ಕಂಡದ್ದೇ ತಡ, ಕೈಯಲ್ಲಿದ್ದ ಮೆಂತ್ಯದ ಪುಡಿ ಬಿಟ್ಟು ತಾನೂ ಬರುತ್ತೇನೆಂದು ಹೊರಟು ನಿಂತಳು.

ನಾವು ಹುಟ್ಟಿ ಬೆಳೆದದ್ದು ಸವಣೂರಿನಲ್ಲಿ. ಅಲ್ಲಿ ಹುಸೇನಸಾಬರ ಬ್ಯಾಂಡಿಲ್ಲದೆ ಯಾರ ಮನೆಯ ಮದುವೆಯೂ ಆಗುತ್ತಿರಲಿಲ್ಲ. ಕೆಂಪು ಕೋಟು, ಭುಜದ ಮೇಲೆ ಜರತಾರಿ, ಬಿಸಿಲಿಗೆ ಹೊಳೆಯುವ ಹಿತ್ತಾಳೆಯ ವಾದ್ಯಗಳು. ನಮ್ಮ ಕಾಕಾನ ಮದುವೆಯ ಮೆರವಣಿಗೆಯಲ್ಲಿ ಇನ್ನೂ ಲಂಗ-ಪರಕಾರ ಉಡುವ ವಯಸ್ಸಿನ ಅಕ್ಕ ಬ್ಯಾಂಡಿನ ಮುಂದೆ ಹೋಗಿ ಕುಣಿದುಬಿಟ್ಟಳು. ಬ್ಯಾಂಡಿನ ಮುಂದೆ ಗಂಡಸರು ಕುಣಿಯುವುದು, ಹಿಂದೆ ಹೆಂಗಸರು ಆರತಿ ತಟ್ಟೆ ಹಿಡಿದು ನಡೆಯುವುದು, ಇದು ನಮ್ಮಲ್ಲಿನ ಕಟ್ಟಳೆ. ಅಜ್ಜ ಅವಳ ರಟ್ಟೆ ಹಿಡಿದು ಎಳೆದು ತಂದು ಹಿಂದೆ ನಿಲ್ಲಿಸಿ ಕೈಗೆ ತಟ್ಟೆ ಕೊಟ್ಟ. ಅಂದಿನಿಂದ ಅವಳು ಊರವರ ಮದುವೆಗಳಲ್ಲೆಲ್ಲ ತಟ್ಟೆ ಹಿಡಿದು ನಡೆದಿದ್ದಾಳೆ, ಆದರೆ ಬ್ಯಾಂಡು ಕೇಳಿದರೆ ಅವಳ ಬಲಗಾಲು ಇನ್ನೂ ಅಜ್ಜನ ಮಾತು ಕೇಳುವುದಿಲ್ಲ.

ಆಟೋದಲ್ಲಿ ಹೋಗುವಾಗ ನಾನು ಅಕ್ಕನಿಗೆ ಜಾಝಿನ ಚರಿತ್ರೆ ಹೇಳಿದೆ. ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಓದಿಕೊಂಡದ್ದರಿಂದ ಅಧಿಕಾರವಾಣಿಯಿಂದಲೇ ಹೇಳಿದೆ. ಅಮೆರಿಕದ ಕರಿಯ ಜನ ಇದನ್ನು ಕಟ್ಟಿದ್ದು, ಹೆಣ ಒಯ್ಯುವಾಗ ಬ್ಯಾಂಡಿನವರು ಅಳುವಂತೆ ಊದುವುದು, ಮಣ್ಣು ಮಾಡಿ ಮರಳುವಾಗ ಕುಣಿಯುವಂತೆ ಊದುವುದು, ಮುಂದೆ ಅದೇ ದೊಡ್ಡ ಬ್ಯಾಂಡುಗಳ ಸ್ವಿಂಗ್ ಆಗಿ ಜನ ಜೋಡಿ ಜೋಡಿಯಾಗಿ ಕುಣಿದದ್ದು. ಅಕ್ಕ ಎಲ್ಲ ಕೇಳಿ ತನ್ನ ಅಹವಾಲು ಮುಂದಿಟ್ಟಳು.

“ಬ್ಯಾಂಡು ಯಾವಾಗಲೂ ಮನಿ ಮುಂದ ಹಾಯ್ದು ಹೋಗಿಬಿಡ್ತೈತಿ ತಮ್ಮಾ. ಹಾಡು ಎಲ್ಲಿ ಚಾಲೂ ಆತು, ಎಲ್ಲಿ ಮುಗೀತು, ಒಂದೂ ಗೊತ್ತಾಗೂದಿಲ್ಲ. ಇವತ್ತರ ಕುಂತು ಪೂರಾ ಒಂದು ಹಾಡು ಕೇಳಬೇಕು ನೋಡು. ಅಷ್ಟ ಸಾಕು ನನಗ.”

ಒಂದೇ ಒಂದು ಹಾಡು. ಗೋವೆಯಿಂದ ಬ್ಯಾಂಡು ತರಿಸಿದ ಉತ್ಸವದಲ್ಲಿ ಇದೇನು ದೊಡ್ಡ ಬೇಡಿಕೆಯೇ ಎಂದು ನಾನು ನಕ್ಕೆ.

ತೋಪಿನಲ್ಲಿ ಮಾವಿನ ಮರಗಳಿಗೆಲ್ಲ ದೀಪದ ಸರ ಸುತ್ತಿದ್ದರು. ವೇದಿಕೆಯ ಮೇಲೆ ಮುಂಭಾಗದಲ್ಲಿ ಗಣ್ಯರ ಸೋಫಾ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬ್ಯಾಂಡಿನವರು. ಟ್ರಂಪೆಟ್ಟು, ಸ್ಯಾಕ್ಸೋಫೋನುಗಳನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಅವರು ಕನ್ನಡ ಭಾಷಣಗಳನ್ನು ಕೇಳುತ್ತಿದ್ದರು. ದೀಪ ಹಚ್ಚಿ, ಸಸಿಗೆ ನೀರೆರೆದು, ಗಣ್ಯರಿಗೆಲ್ಲ ಶಾಲು ಹೊದಿಸಿ ಸ್ವಾಗತಿಸಿ, ಪ್ರಾಸ್ತಾವಿಕ ನುಡಿದದ್ದಾದ ಮೇಲೆ, ಸಂಗೀತಕ್ಕೆ ಭಾಷೆ ಬೇಕಿಲ್ಲ ಎಂದು ಉದ್ಘಾಟಕರು ಮುಕ್ಕಾಲು ಗಂಟೆ ಭಾಷೆಯಲ್ಲೇ ಹೇಳಿ ಮುಗಿಸಿದರು. ಗಣ್ಯರು ಕೆಳಗಿಳಿದು ಮುಂದಿನ ಸಾಲಿನಲ್ಲಿ ಕುಳಿತ ಮೇಲೆ ಬ್ಯಾಂಡಿನ ಹಿರಿಯ, ಬಿಳಿ ಗಡ್ಡದ ಟ್ರಂಪೆಟ್ಟಿನ ಮಾಸ್ತರರು, ಕಾಲಿನಿಂದ ತಾಳ ತಟ್ಟಿ ಶುರು ಮಾಡಿದರು.

ನನಗೆ ಸಂಗೀತದ ಪರಿಭಾಷೆ ಬಾರದು. ಇಷ್ಟು ಹೇಳಬಲ್ಲೆ, ಆ ಸ್ವಿಂಗ್ ಶುರುವಾದ ಕೂಡಲೇ ನನ್ನ ಪಂಚೆಯೊಳಗಿನ ಮಂಡಿ ಅಲ್ಲಾಡಿತು. ಅಲ್ಲಾಡಿದ್ದನ್ನು ಯಾರಾದರೂ ಕಂಡರೋ ಎಂದು ಅತ್ತಿತ್ತ ನೋಡಿದೆ. ಅಕ್ಕನ ಚಪ್ಪಲಿ ಆಗಲೇ ಕುರ್ಚಿಯ ಕೆಳಗೆ ಬಿದ್ದಿತ್ತು.

ಅನಾಹುತ ಆದದ್ದು ಆಮೇಲೆ. ಜಾಝಿನಲ್ಲಿ ಒಂದು ಪದ್ಧತಿಯಿದೆ. ಹಾಡಿನ ನಡುವೆ ಒಬ್ಬನು ಎದ್ದು ನಿಂತು ತನ್ನ ಮನಸ್ಸಿಗೆ ಬಂದಂತೆ ಒಂಟಿಯಾಗಿ ನುಡಿಸುತ್ತಾನೆ, ಮುಗಿದಾಗ ಜನ ಚಪ್ಪಾಳೆ ತಟ್ಟುತ್ತಾರೆ, ಹಾಡು ಮುಂದೆ ಸಾಗುತ್ತದೆ. ನಮ್ಮಲ್ಲಿಯೂ ಒಂದು ಪದ್ಧತಿಯಿದೆ. ಬಯಲಾಟ, ನಾಟಕಗಳಲ್ಲಿ ಯಾರಾದರೂ ಚೆನ್ನಾಗಿ ಪಾತ್ರ ಮಾಡಿದರೆ ಬರೀ ಚಪ್ಪಾಳೆ ತಟ್ಟುವುದು ಬಡತನ. ಆಟ ನಿಲ್ಲಿಸಿ, ವೇದಿಕೆಗೆ ಹೋಗಿ ಆಯೇರಿ ಮಾಡಬೇಕು. ಅಂದರೆ ಟವೆಲ್ಲು ಹೊದಿಸಿ, ಮಾಲೆ ಹಾಕಿ, ಹೊದಿಸಿದವರ ಹೆಸರು ಮೈಕಿನಲ್ಲಿ ಕೂಗಿಸಬೇಕು. ಬಯಲಾಟದಲ್ಲಿ ಯುದ್ಧದಲ್ಲಿ ಸತ್ತು ಬಿದ್ದ ರಾಜನೂ ಆಯೇರಿ ಎಂದರೆ ಎದ್ದು ಬಂದು ಹೊದಿಸಿಕೊಂಡು, ಕೈಮುಗಿದು, ಮತ್ತೆ ಹೋಗಿ ಅದೇ ಜಾಗದಲ್ಲಿ ಸಾಯುತ್ತಾನೆ. ಇದರಿಂದ ಯಾರ ರಸವೂ ಭಂಗವಾಗಿದ್ದನ್ನು ನಾನು ಕಂಡಿಲ್ಲ.

ಸ್ಯಾಕ್ಸೋಫೋನಿನವನು ಎದ್ದು ನಿಂತು ಊದಿದ. ಮುಗಿಸಿದ್ದೇ ಚನ್ನಬಸಣ್ಣ, ಗೋವೆಯಲ್ಲಿ ಕಲಿತುಬಂದವನು, ಜೋರಾಗಿ ಚಪ್ಪಾಳೆ ತಟ್ಟಿದ. ಒಬ್ಬನು ಎದ್ದು ನಿಂತಿದ್ದಾನೆ, ಸಾಹುಕಾರರು ಚಪ್ಪಾಳೆ ತಟ್ಟುತ್ತಿದ್ದಾರೆ. ನಿರೂಪಕನಿಗೆ ಇನ್ನೇನು ಸೂಚನೆ ಬೇಕು? ಅವನು ಮೈಕು ಹಿಡಿದು ಮುನ್ನುಗ್ಗಿದ. ಬ್ಯಾಂಡು ನಿಂತಿತು. ಸ್ಯಾಕ್ಸೋಫೋನಿನವನಿಗೆ ಶಾಲು, ಮಾಲೆ, ಹಣ್ಣಿನ ಬುಟ್ಟಿ, ಹೊದಿಸಿದವರ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು.

ಎರಡನೆಯ ಹಾಡು ಟ್ರೊಂಬೋನಿನವನು ಎದ್ದಾಗ ನಿಂತಿತು. ಮೂರನೆಯದರಲ್ಲಿ ದೊಡ್ಡ ಬಾಸ್ ವಾದ್ಯವನ್ನು ತಬ್ಬಿ ನಿಂತವನಿಗೂ ಆ ವಾದ್ಯಕ್ಕೂ ಸೇರಿಸಿ ಒಂದೇ ಮಾಲೆ ಹಾಕಿದರು, ಮದುವೆ ಆದಂತೆಯೇ ಕಂಡಿತು. ಬುದ್ಧಿವಂತರಾದ ಮಾಸ್ತರರು ನಾಲ್ಕನೆಯ ಹಾಡಿನಲ್ಲಿ ಕೂತೇ ಊದಿದರು. ಕೂತವರಿಗೆ ಹೊದಿಸುವುದು ಇನ್ನೂ ಸಲೀಸಾಯಿತು. ಡ್ರಮ್ಮಿನವನ ತೋಳುಗಳು ಶಾಲಿನೊಳಗೆ ಸಿಕ್ಕಿಕೊಂಡವು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಪ್ರೀತಿಯಿಂದಲೇ ಒಂದೊಂದು ಹಾಡಿನ ಕತ್ತು ಹಿಸುಕಿದೆವು.

ಅಕ್ಕ ಪ್ರತಿ ಸಲವೂ ಚಪ್ಪಲಿ ಬಿಡುವುದು, ಮತ್ತೆ ಹಾಕಿಕೊಳ್ಳುವುದು ಮಾಡುತ್ತಿದ್ದಳು. ನಾನು ಅವಳಿಗೆ ಸಮಾಧಾನ ಹೇಳಬೇಕಿತ್ತು. ಆದರೆ ಆಗ ನಾನು ಮನಸ್ಸಿನಲ್ಲಿ ನನ್ನ ಪೂರ್ವಸಿದ್ಧತೆಯಿಲ್ಲದ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದೆ.

ಅಷ್ಟರಲ್ಲಿ ನಿರೂಪಕ ಹೇಳಿದ್ದು ಕೇಳಿಸಿತು. ಹತ್ತಕ್ಕೆ ಮೈಕು ಬಂದ್ ಆಗಬೇಕು, ಉಳಿದಿರುವುದು ಸ್ವಲ್ಪವೇ ಹೊತ್ತು. ಬ್ಯಾಂಡಿನವರು ಕಡೆಯ ಹಾಡು ಬಿಟ್ಟುಕೊಟ್ಟು ಸಹಕರಿಸಬೇಕು, ಯಾಕೆಂದರೆ ವಿಶೇಷ ಸನ್ಮಾನ ಬಾಕಿಯಿದೆ. ಹಾಗೆಂದು ನನ್ನ ಹೆಸರನ್ನು, ಹಿಂದೆ ಮುಂದೆ ಬಿರುದು ಸೇರಿಸಿ, ಕೂಗಿದ.

ನಿಜ ಹೇಳುತ್ತೇನೆ, ನನಗೆ ಆ ಶಾಲು ಬೇಕಿತ್ತು. ಇಷ್ಟು ಹೊತ್ತೂ ಬೇರೆಯವರ ಸನ್ಮಾನಗಳನ್ನು ನೋಡಿ ನಕ್ಕ ನನ್ನ ಬಾಯಿ ಆಗಲೇ ಫೋಟೋದ ನಗೆಗೆ ತಿರುಗಿತ್ತು. ಜುಬ್ಬ ಸರಿಮಾಡಿಕೊಂಡು ಅರ್ಧ ಎದ್ದೆ. ಹಿಂದಿನಿಂದ ಜುಬ್ಬ ಬಿಗಿಯಿತು. ಸೂಜಿಗೆ ಹೆದರಿ ಓಡುವವರನ್ನು ಜೀವಮಾನವಿಡೀ ಹಿಡಿದ ಕೈ ಅದು.

“ಕುಂದ್ರು,” ಎಂದಳು ಅಕ್ಕ. ದನಿ ಏರಿಸಲಿಲ್ಲ. “ನಾ ಬೇಡಿದ್ದು ಒಂದ ಒಂದು ಹಾಡು, ಅಷ್ಟ. ಟ್ರಂಕಿನಾಗ ಜಾಗಾ ಎಲ್ಲೈತಿ ನಿನಗ?”

ಅವಳ ಮುಖ ನೋಡಿದೆ. ಅಳುವವಳಲ್ಲ ನಮ್ಮಕ್ಕ. ಆದರೆ ತಟ್ಟೆ ಹಿಡಿಸಿದ ದಿನ ಇದ್ದ ಮುಖವೇ ಅದು. ಅಜ್ಜನ ಕೈಯಲ್ಲಿ ರಟ್ಟೆಯಿತ್ತು, ನನ್ನ ಕೈಯಲ್ಲಿ ಶಾಲು ಇರುತ್ತದೆ, ಅಷ್ಟೇ ವ್ಯತ್ಯಾಸ ಎನ್ನಿಸಿ ನಾಚಿಕೆಯಾಯಿತು. ಕುಳಿತೆ. ಮುಂದಿದ್ದ ಅಗಲ ಬೆನ್ನಿನ ಗೃಹಸ್ಥರ ಹಿಂದೆ ತಲೆ ತಗ್ಗಿಸಿದೆ.

ಎಲ್ಲಿದ್ದರೂ ವೇದಿಕೆಗೆ ಬರಬೇಕು ಎಂದು ನಿರೂಪಕ ಮತ್ತೆ ಮತ್ತೆ ಕೂಗಿದ. ನಮ್ಮ ಭಾಗದಲ್ಲಿ ಕರೆದರೆ ಬಾರದ ಸನ್ಮಾನಿತನನ್ನು ಅವನು ಕಂಡಿರಲಿಲ್ಲವಾದ್ದರಿಂದ ಏನೋ ಹೆಚ್ಚುಕಡಿಮೆ ಆಗಿರಬೇಕೆಂದು ಗಾಬರಿಯಾಗಿ, ಮೈಕು ವೇದಿಕೆಯಲ್ಲೇ ಬಿಟ್ಟು, ಶಾಲು ಹಿಡಿದು ನನ್ನನ್ನು ಹುಡುಕಲು ಕೆಳಗಿಳಿದ. ಮಾಸ್ತರರು ಖಾಲಿ ಮೈಕನ್ನು ನೋಡಿದರು. ತಮ್ಮವರನ್ನು ನೋಡಿದರು. ಟ್ರಂಪೆಟ್ಟು ಎತ್ತಿದರು.

ಆ ಹಾಡನ್ನು ತಡೆಯಲು ಯಾರೂ ಇರಲಿಲ್ಲ. ಒಬ್ಬೊಬ್ಬರೇ ಎದ್ದು ನಿಂತು ಊದಿದರು, ಜನ ಚಪ್ಪಾಳೆ ತಟ್ಟಿದರು, ಹಾಡು ಮುಂದೆ ಸಾಗಿತು. ಅಕ್ಕ ಚಪ್ಪಲಿ ಬಿಟ್ಟು ಎದ್ದಳು. ಮಂಡಿನೋವಿನ ಅಕ್ಕ ಸೆರಗು ಸಿಕ್ಕಿಸಿಕೊಂಡು ಕುರ್ಚಿಗಳ ನಡುವಿನ ದಾರಿಗೆ ಬಂದು, ಬ್ಯಾಂಡಿನ ಮುಂದೆ, ಗಂಡಸರ ಜಾಗದಲ್ಲಿ, ಕುಣಿದಳು. ಮೊದಲು ಒಂದು ಕಾಲು, ಆಮೇಲೆ ಎರಡೂ. ಹಿಂದಿನ ಸಾಲಿನ ಹೆಂಗಸರಿಬ್ಬರು ನಗುತ್ತ ನಗುತ್ತ ಬಂದು ಸೇರಿದರು. ರಟ್ಟೆ ಹಿಡಿದು ಎಳೆಯಲು ಯಾವ ಅಜ್ಜನೂ ಬರಲಿಲ್ಲ. ಮುಂದಿನ ಸಾಲಿನಲ್ಲಿ ಅಂಥ ಅಜ್ಜಂದಿರು ಬೇಕಾದಷ್ಟಿದ್ದರು, ಆದರೆ ಅವರ ತೋಳುಗಳೆಲ್ಲ ಶಾಲಿನೊಳಗಿದ್ದವು. ಹಾಡು ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಸುತ್ತಿ ಬಂದು, ತಾನಾಗಿಯೇ ಮುಗಿಯಿತು.

ಅದೇ ಗಳಿಗೆಗೆ ಮೈಕು ಬಂದ್ ಆಯಿತು, ಮರದ ಮರೆಗೆ ಸರಿದಿದ್ದ ನಾನು ನಿರೂಪಕನಿಗೆ ಸಿಕ್ಕೆ. ಅವನು ಏದುಸಿರು ಬಿಡುತ್ತ, ಹೆಸರಿಲ್ಲದೆ, ಬಿರುದಿಲ್ಲದೆ, ಯಾರೂ ನೋಡದ ಮಾವಿನ ಮರದ ಬುಡದಲ್ಲಿ ನನಗೆ ಶಾಲು ಹೊದಿಸಿ, ಕರ್ತವ್ಯ ಮುಗಿಯಿತೆಂಬಂತೆ ಹೋದ. ಫೋಟೋದವನೂ ಊಟಕ್ಕೆ ಹೋಗಿದ್ದ.

ಅಕ್ಕ ಬೆವರು ಸುರಿಸುತ್ತ ಬಂದಳು. ನನ್ನ ಹೆಗಲು ನೋಡಿದಳು.

“ಕುಣದಾಕಿ ನಾನು. ಶಾಲು ನಿನಗ್ಯಾಕ?”

ಎಂದವಳೇ ಅದನ್ನು ಎಳೆದುಕೊಂಡು ಮುಖ, ಕತ್ತು, ತೋಳು ಚೆನ್ನಾಗಿ ಒರೆಸಿಕೊಂಡು, ಹೆಗಲ ಮೇಲೆ ಹಾಕಿಕೊಂಡು, ಆ ಹಾಡನ್ನೇ ಗುನುಗುತ್ತ ಆಟೋದ ಕಡೆ ನಡೆದಳು. ಉಪ್ಪಿನಕಾಯಿ ಭರಣಿ ನಮಗೆ ಬಿಟ್ಟು ಶಾಲನ್ನು ಶಿಗ್ಗಾಂವಿಗೆ ಒಯ್ದಳು. ಮೊನ್ನೆ ನಾನು ಟ್ರಂಕು ತೆಗೆದು ನನ್ನ ಶಾಲುಗಳನ್ನು ಒಂದೊಂದಾಗಿ ಮೂಸಿ ನೋಡಿದೆ. ಎಲ್ಲದರಲ್ಲೂ ಡಾಂಬರು ಗುಳಿಗೆಯ ವಾಸನೆಯೇ ಇತ್ತು, ಬೆವರಿನದು ಒಂದರಲ್ಲೂ ಇರಲಿಲ್ಲ.