ನಾಲ್ಕನೇ ಬೋರ್ಡಿನ ಖಾಲಿ ಕುರ್ಚಿ

ಕಳೆದ ಭಾನುವಾರ ಜನಕಪುರಿಯ ಒಂದು ಹಾಲ್‌ನಲ್ಲಿ ಚೆಸ್ ಪಂದ್ಯದ ತೀರ್ಪುಗಾರರಾದ ಆರ್ಬಿಟರ್ ಬಂದು ನಮ್ಮ ತಂಡದ ನಾಲ್ಕನೇ ಬೋರ್ಡಿನ ಗಡಿಯಾರ ಒತ್ತಿ ಹೋದರು. ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಚೆಸ್‌ನಲ್ಲಿ ಹಾಗೆಯೇ. ಆಡುವವರು ಬರಲಿ ಬಿಡಲಿ, ಅವರ ಸಮಯ ಓಡುತ್ತದೆ. ಹೇಳಿದ ಹೊತ್ತಿನೊಳಗೆ ಬಂದು ಕೂರದಿದ್ದರೆ ಸೋತಂತೆ.

ಆ ಕುರ್ಚಿ ಗಿರಿಜಾಳದ್ದು. ಅವಳು ಗಾಜಿನ ಬಾಗಿಲಿನ ಆಚೆ ಫೋನ್ ಹಿಡಿದು ನಿಂತಿದ್ದಳು...

ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿನಲ್ಲಿ ಚಳಿಗಾಲದ ಬಿಸಿಲಿಗೆ ಕೂತು ನಾವು ನಾಲ್ವರು ಚೆಸ್ ಆಡುತ್ತೇವೆ. ನಾನು, ಗಿರಿಜಾ, ಮತ್ತೆ ಇಬ್ಬರು ಪಂಜಾಬಿ ಅಕ್ಕತಂಗಿಯರು. ಇಬ್ಬರು ಆಡಿದರೆ ಉಳಿದಿಬ್ಬರು ಬಟಾಣಿ ಸುಲಿಯುತ್ತಾರೆ.

ಗಿರಿಜಾ ಮಾತ್ರ ಸುಲಿಯುತ್ತಲೇ ಆಡುತ್ತಾಳೆ. "ಅಕ್ಕ, ನಿಮ್ಮ ಕುದುರೆಗೆ ಸ್ವಲ್ಪ ಹುಲ್ಲು ಹಾಕಿ, ಬೆಳಿಗ್ಗೆಯಿಂದ ಎದ್ದೇ ಇಲ್ಲ" ಎಂದು ನನ್ನನ್ನೇ ಕೆಣಕುತ್ತಾಳೆ. ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ನಮ್ಮೆಲ್ಲರಿಗಿಂತ ಅವಳ ಆಟ ದೊಡ್ಡದು.

ಹಿರಿಯ ಮಹಿಳೆಯರ ತಂಡಗಳಿಗೆ ಟೂರ್ನಮೆಂಟ್ ಇದೆ ಎಂದು ತಿಳಿದಾಗ ಹೆಸರು ಕೊಡಿಸಿದವಳು ನಾನೇ. ಆಮೇಲೆ ಗೊತ್ತಾಯಿತು, ಬರೀ ಎಂಟ್ರಿ ಫೀ ಸಾಲದು. ರಾಷ್ಟ್ರೀಯ ಫೆಡರೇಷನ್‌ಗೆ ಪ್ರತಿಯೊಬ್ಬರೂ ಸದಸ್ಯತ್ವದ ಶುಲ್ಕ ಕಟ್ಟಬೇಕು, ರಾಜ್ಯದ ಸಂಘಕ್ಕೆ ಬೇರೆ. ಒಂದೇ ದಿನ ಆಡಿದರೂ ಇಡೀ ವರ್ಷದ್ದು.

ನಾನು ಸಂಜೆಯೇ ಕಟ್ಟಿದೆ. ಫ್ಯಾಮಿಲಿ ಪೆನ್ಷನ್ ನನ್ನ ಖಾತೆಗೆ ಬರುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಯಜಮಾನರು ಹೋದ ಮೇಲೆಯೇ ನನ್ನ ಹೆಸರಿಗೆಂದು ಹಣ ಬರತೊಡಗಿದ್ದು ಎಂಬುದು ಅಂದು ಮೊದಲ ಸಲ ಹೊಳೆಯಿತು.

ಗಿರಿಜಾಳ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಗಂಡ ರಿಟೈರ್ಡ್ ಅಧಿಕಾರಿ, ಜೊತೆಯಲ್ಲೇ ಇರುವ ಮಗ ಗುರುಗ್ರಾಮದ ಕಂಪನಿಯೊಂದರಲ್ಲಿ ಮ್ಯಾನೇಜರ್. ಹಾಲಿಗೆ, ತರಕಾರಿಗೆ, ಮೊಮ್ಮಗಳ ಟ್ಯೂಷನ್‌ಗೆ ಹಣ ಕೇಳಿ ಅವಳಿಗೆ ಅಭ್ಯಾಸವಿದೆ. ತನ್ನ ಆಟಕ್ಕೆಂದು ಕೇಳಿ ಅಭ್ಯಾಸವಿಲ್ಲ. ಅವಳ ಖಾತೆಯ ಒಟಿಪಿ ಕೂಡ ಮಗನ ಫೋನಿಗೇ ಹೋಗುತ್ತದೆ.

ನಾನು ಕಟ್ಟುತ್ತೇನೆ ಎಂದೆ. ಬೇಡ ಎಂದಳು.

"ನೀವು ಕಟ್ಟಿದ್ರೆ ನಮ್ಮನೇಲಿ ಗಂಡಸರು ಇಲ್ವಾ ಅಂದ ಹಾಗಾಗುತ್ತೆ ಅಕ್ಕ."

ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಒತ್ತಾಯ ಮಾಡಲಿಲ್ಲ.

ಭಾನುವಾರ ಅವಳೇ ಸಿದ್ಧಳಾಗಿ ಬಂದಳು. ಒಳ್ಳೆಯ ಸೀರೆ, ಮೇಲೆ ಸ್ವೆಟರ್. ಕೊನೆಗೂ ಮಗನನ್ನು ಕೇಳಿದ್ದೇನೆ, ನೋಡೋಣ ಅಂದಿದ್ದಾನೆ ಎಂದು ಮೆಟ್ರೋದಲ್ಲಿ ಹೇಳಿದಳು.

ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳು, ಮೊದಲ ಬೋರ್ಡಿನಲ್ಲಿ ಕೂರಬೇಕಾದವಳು. ರಿಜಿಸ್ಟ್ರೇಷನ್ ಆಗಿಲ್ಲವೆಂದು ಹೆಸರು ಕೊನೆಗೆ ಹೋಗಿತ್ತು. ಆರ್ಬಿಟರ್ ಒಳ್ಳೆಯವರು, ಸಮಯ ಮೀರುವುದರೊಳಗೆ ಶುಲ್ಕ ಕಟ್ಟಿದ ಮೆಸೇಜ್ ತೋರಿಸಿದರೆ ಆಡಬಹುದು ಎಂದರು. ಹಾಲ್‌ನೊಳಗೆ ಫೋನ್ ತರುವಂತಿಲ್ಲ. ಅದಕ್ಕೇ ಅವಳು ಹೊರಗೆ.

ನನ್ನ ನಡೆ ಮುಗಿಸಿ ಬಾಗಿಲವರೆಗೆ ಹೋದೆ. ಅಷ್ಟರಲ್ಲಿ ಮಗನ ಕರೆ ಬಂತು, ಅವನ ಮಾತು ನನಗೂ ಕೇಳಿಸಿತು.

"ಅಮ್ಮಾ, ಪೂರಾ ಸಾಲ್ ಕಾ ಮೆಂಬರ್‌ಶಿಪ್, ಒಂದು ಸಂಡೇಗೆ? ಫೋನಲ್ಲಿ ಫ್ರೀಯಾಗಿ ಆಡಬಹುದಲ್ಲ. ನೆಕ್ಸ್ಟ್ ಇಯರ್ ನೋಡೋಣ ನಾ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮನ ಔಷಧಿಗೆ ಎರಡು ಮಾತಾಡದೆ ಕೊಡುವ ಮಗ.

ಅಚ್ಛಾ, ಸರಿ ಮಗಾ ಎಂದು ಗಿರಿಜಾ ಫೋನನ್ನು ಪರ್ಸಿಗೆ ಹಾಕಿದಳು. ಈ ಸಲ ನಾನು ಒತ್ತಾಯಿಸಿದೆ, ನನ್ನ ಸೊಸೆಗೆ ಹೇಳಿ ಈಗಲೇ ಕಟ್ಟಿಸುತ್ತೇನೆ ಎಂದೆ.

"ಕೇಳಿ ಆಯ್ತಲ್ಲ ಅಕ್ಕ. ನೀವು ಹೋಗಿ ಆಡಿ."

ಈಗಲೂ ಕಣ್ಣಿಗೆ ಕಟ್ಟಿದಂತಿದೆ... ನಾನು ನನ್ನ ಬೋರ್ಡಿನ ಮುಂದೆ ಕೂತಿದ್ದೇನೆ. ಗಾಜಿನ ಆಚೆ ಅವಳು, ತನ್ನ ಗಡಿಯಾರ ಓಡುವುದನ್ನು ನೋಡುತ್ತಿದ್ದಾಳೆ. ಅವಳ ಎದುರಾಳಿ ತಲೆ ತಗ್ಗಿಸಿಕೊಂಡಿದ್ದಾಳೆ. ಆರ್ಬಿಟರ್ ಬಂದು ಗಡಿಯಾರ ನಿಲ್ಲಿಸುತ್ತಾರೆ.

ಒಂದು ಕಾಯಿಯನ್ನೂ ಮುಟ್ಟದೆ ಗಿರಿಜಾ ಸೋತಳು. ಮೆಟ್ರೋ ಹಿಡಿದು ಮನೆಗೆ ಹೊರಟಳು.

ಸಂಜೆ ಬಹುಮಾನ ಕೊಡುವಾಗ ಸಂಘಟಕರೊಬ್ಬರು ಮೈಕ್ ಹಿಡಿದು, ಹೆಂಗಸರು ಚೆಸ್‌ಗೆ ಬರುವುದೇ ಇಲ್ಲ, ಅವರಿಗೆ ಆಸಕ್ತಿ ಕಡಿಮೆ ಎಂದು ಬೇಸರಪಟ್ಟುಕೊಂಡರು.

ನಾನು ಎದ್ದು ನಿಂತೆ. ಹೈಸ್ಕೂಲಿಗೆ ಓದು ಮುಗಿಸಿದವಳು, ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. ಆದರೂ ನನಗೆ ಬರುವ ಹಿಂದಿಯಲ್ಲಿ ಹೇಳಿದೆ, ಒಬ್ಬಳು ಬಂದಿದ್ದಳು ಸಾಹೇಬರೇ, ನಿಮ್ಮ ಬಾಗಿಲವರೆಗೂ ಬಂದಿದ್ದಳು ಎಂದು.

ವಿಷಯ ಕೇಳಿ ಅವರು ವಿನಯದಿಂದಲೇ, ಶುಲ್ಕ ಅಷ್ಟೇನೂ ದೊಡ್ಡದಲ್ಲವಲ್ಲ ಮಾತಾಜಿ ಎಂದರು.

ನಿಜ. ಅವರು ಜೇಬಿಗೆ ಕೈ ಹಾಕಿ ತೆಗೆದು ಕೊಡುವವರು. ಗಿರಿಜಾ ಬಾಯಿಬಿಟ್ಟು ಕೇಳಬೇಕಾದವಳು.

ನಿಮ್ಮ ಮನೆಯಲ್ಲಿ ಅಮ್ಮ ತನಗೆಂದೇ ಏನಾದರೂ ಕೇಳಿದ್ದು ಯಾವಾಗ, ಆಗ ನೀವು ಏನೆಂದಿರಿ?