ದಿನಕ್ಕೆ ಐನೂರು ಗೋಳಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾನು ಮ್ಯಾನೇಜರಾಗಿದ್ದ ಹೋಟೆಲಿಗೆ ಎರಡು ಸಲ ಕಳ್ಳರು ನುಗ್ಗಿದ ಮೇಲೆ ಧಣಿಗಳು ರಿವಾಲ್ವರ್ ಲೈಸೆನ್ಸಿಗೆ ಅರ್ಜಿ ಹಾಕಿದರು. ಪಿಸ್ತೂಲಿನಲ್ಲಿ ಗುಂಡು ನಡುವೆ ಸಿಕ್ಕಿಕೊಳ್ಳುತ್ತದೆ, ರಿವಾಲ್ವರ್ ಕೈಕೊಡುವುದಿಲ್ಲ ಎಂದು ಯಾರೋ ಹೇಳಿದ್ದರಂತೆ.

ವಿಚಾರಣೆಗೆ ಹವಾಲ್ದಾರ ಬಂದ ದಿನ ಧಣಿ ಇರಲಿಲ್ಲ. ನಾನು ಗಲ್ಲಾ ಬಿಟ್ಟು ಏಳುವಷ್ಟರಲ್ಲಿ ಅವನು ಅಡುಗೆಯ ವಾಸು ಭಟ್ಟರನ್ನು ಹಿಡಿದಿದ್ದ.

“ಗೋಲಿ ಕಿತನಾ ಲಗೇಗಾ?”

ಅವನು ಕೇಳಿದ್ದು ಎಷ್ಟು ಗುಂಡು ಬೇಕು ಅಂತ. ಹಿಂದಿಯ ಗೋಲಿ ಅಂದರೆ ಗುಂಡು ಎಂದು ಭಟ್ಟರಿಗೆ ಹೇಳುವವರು ಯಾರು? ಅವರ ಪಾಲಿಗೆ ಗೋಳಿ ಎಂದರೆ ಗೋಳಿಬಜೆ, ಎಣ್ಣೆಯಲ್ಲಿ ಕರಿದ ಮೈದಾ ಉಂಡೆ.

“ರೋಜ್ ಪಾಂಚ್ ಸೌ! ಸಂಡೇ ಕೋ ಹಜಾರ್!” ಎಂದರು ಹೆಮ್ಮೆಯಿಂದ.

ಹವಾಲ್ದಾರನ ಪೆನ್ನು ನಿಂತಿತು. “ಕಿಸಕೋ ದೇತಾ ಹೈ?” ಯಾರಿಗೆ ಕೊಡುತ್ತೀ ಎಂದು ಕೇಳಿದ.

“ಗಿರಾಕಿ ಕೋ! ಏಕ್‌ದಮ್ ಗರಮ್!”

ನಾನು ಒಂದು ಪ್ಲೇಟು ಗೋಳಿಬಜೆ ಹಿಡಿದು ಓಡಿದೆ. ಹವಾಲ್ದಾರ ಒಂದನ್ನು ಮುರಿದು ನೋಡಿದ, ನಕ್ಕ, ಆರು ತಿಂದು ರಿಪೋರ್ಟು ಬರೆದ.

ಕೆಲವು ತಿಂಗಳಿಗೆ ಲೈಸೆನ್ಸು ಬಂತು, ಇಪ್ಪತ್ತೈದು ಗುಂಡಿಗೆ ಮಾತ್ರ. ಸುದ್ದಿ ಕೇಳಿದ ಭಟ್ಟರು ಬಾಣಲೆಯಿಂದ ತಲೆ ಎತ್ತದೆ ಹೇಳಿದರು:

“ಇಪ್ಪತ್ತೈದೇ ಗೋಳಿಯಾ? ಎರಡು ಟೇಬಲ್ಲಿಗೂ ಸಾಲುದಿಲ್ಲ ಮಾರಾಯ್ರೆ!”