ಕೊಳ್ಳುವ ಮುಂಚೆಯೇ ಗೇಟಿಗೆ ಬಂದ ಸ್ಕೂಟರ್

ಆ ಮಧ್ಯಾಹ್ನ ನಾನು ನಡುಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಎದುರಿಗೆ ನನ್ನ ನಾದಿನಿ ಗಿರಿಜಾ, ಅವಳ ಮುಂದೊಂದು ಮೊರ. ಅವಳ ಮನೆ ಚಳ್ಳಕೆರೆಯಲ್ಲೇ, ನಮ್ಮ ಹಿಂದಿನ ಬೀದಿಯಲ್ಲಿ. ಊಟವಾದ ಮೇಲೆ ಒಂದು ಗಳಿಗೆ ಬಂದು ಕೂರುವುದು ಅವಳ ರೂಢಿ. ನಮ್ಮ ಯಜಮಾನರ ಫೋನು ಬಂದದ್ದು ಆಗಲೇ. ಫೋನು ಬರುವುದಕ್ಕೆ ಸ್ವಲ್ಪ ಮೊದಲು ನಡೆದದ್ದೊಂದನ್ನು ಹೇಳಬೇಕೆಂದು ಇದನ್ನು ಬರೆಯಲು ಕೂತಿದ್ದೇನೆ.

ನಾನು ದೇವರನ್ನು ನಂಬಿದವಳು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚದೆ ಒಲೆ ಹಚ್ಚಿದವಳಲ್ಲ. ನಲ್ಲಿಯಲ್ಲಿ ನೀರು ಬಂದರೂ, ಇಟ್ಟ ಹಾಲು ಒಡೆಯದೆ ಕಾದರೂ ಅವನ ದಯೆ ಅಂತ ಒಂದು ಸಲ ಕೈ ಮುಗಿಯುವವಳು. ಆದರೆ ಬರುವವರ ಹೆಜ್ಜೆ ಮೊದಲೇ ಕೇಳಿಸಿತು, ಯಾರೋ ಕರೆದಂತಾಯಿತು ಅನ್ನುವ ಮಾತುಗಳನ್ನು ಮಾತ್ರ ಎಂದೂ ನಂಬಿರಲಿಲ್ಲ. ಹೇಳುವವರ ಎದುರಿಗೆ ಹೂಂಗುಟ್ಟುತ್ತಿದ್ದೆ, ಒಳಗೆ ಹೋಗಿ ನಗುತ್ತಿದ್ದೆ. ದೇವರಿಗೆ ಮಾಡಲು ಬೇಕಾದಷ್ಟು ಕೆಲಸವಿದೆ, ಇಂಥ ತಮಾಷೆಗೆ ಪುರುಸೊತ್ತೆಲ್ಲಿ ಅನ್ನುವುದು ನನ್ನ ವಾದವಾಗಿತ್ತು. ಈಗ ಹಾಗೆ ನಗಲು ಆಗುವುದಿಲ್ಲ.

ಮೊದಲು ಹರಕೆಯ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರು ಜ್ವರ ತಲೆಗೇರಿ ದಾವಣಗೆರೆಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಆಗ ಅವರ ಪಾದದ ಹತ್ತಿರ ಕೂತು ಶ್ರೀಶೈಲದ ಮಲ್ಲಯ್ಯನಿಗೆ ಬೇಡಿಕೊಂಡಿದ್ದೆ: ಇವರು ಎದ್ದರೆ ಇವರ ಜೊತೆಯಲ್ಲೇ ನಿನ್ನ ಸನ್ನಿಧಿಗೆ ಬರುತ್ತೇನೆ. ಅವರು ಎದ್ದರು. ನಾನು ಹೋಗಲಿಲ್ಲ. ಹೋಗಲಾಗಲಿಲ್ಲ. ಬಸ್ಸು ಹತ್ತಿದರೆ ಊರು ದಾಟುವ ಮೊದಲೇ ನನಗೆ ಹೊಟ್ಟೆ ತೊಳಸುತ್ತದೆ. ಕಾರಿನಲ್ಲಿ ಇನ್ನೂ ಬೇಗ. ಮಾತ್ರೆ ನುಂಗಿದ್ದೇನೆ, ನಿಂಬೆಹಣ್ಣು ಮೂಸಿದ್ದೇನೆ, ಮುಂದಿನ ಸೀಟಿನಲ್ಲಿ ಕೂತಿದ್ದೇನೆ, ಏನೂ ನಡೆದಿಲ್ಲ. ಗಾಳಿಗೆ ಮುಖ ಕೊಟ್ಟು ಸ್ಕೂಟರಿನಲ್ಲಿ ಕೂತರೆ ಮಾತ್ರ ನನಗೆ ಏನೂ ಆಗುವುದಿಲ್ಲ. ಆದರೆ ನಮ್ಮ ಮನೆಯ ಸಣ್ಣ ಸ್ಕೂಟರಿನಲ್ಲಿ ನಾಯಕನಹಟ್ಟಿಗೆ ಹೋಗಿ ಬರುವಷ್ಟರಲ್ಲೇ ಅವರ ಸೊಂಟ ಹಿಡಿಯುತ್ತಿತ್ತು, ನನ್ನ ಕಾಲು ಊದುತ್ತಿತ್ತು. ಅದರಲ್ಲಿ ಶ್ರೀಶೈಲವೆಲ್ಲಿ? ವರ್ಷ ಕಳೆದ ಹಾಗೆ ಹ್ಯಾಂಡಲ್ ಹಿಡಿಯುವ ಕೈಯ ಧೈರ್ಯವೂ ಇಳಿಯುತ್ತದೆ. ಈಗ ಆಗದಿದ್ದರೆ ಇನ್ನು ಆಗುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ದೂರದ ಊರಿಗೆಂದೇ ಮಾಡಿದ ದೊಡ್ಡ ಸ್ಕೂಟರುಗಳು ಬಂದಿವೆ ಅಂತ ಅವರೇ ಒಂದು ದಿನ ಹೇಳಿದರು. ನೋಡಲು ಹೋದೆವು. ನನಗೆ ಎಂಜಿನ್ ಗೊತ್ತಿಲ್ಲ, ಕೂರುವುದು ಗೊತ್ತು. ಹಿಂದಿನ ಸೀಟು ಅಗಲವಿದೆಯೇ, ಹಿಡಿಯಲು ಕಂಬಿ ಇದೆಯೇ, ಪಾದ ಇಡುವ ಜಾಗ ಎಟುಕುತ್ತದೆಯೇ, ಸೀಟಿನ ಕೆಳಗೆ ಬುತ್ತಿ ಹಿಡಿಸುತ್ತದೆಯೇ ಅಂತ ನೋಡಿದೆ. ಕೆಲವು ಸ್ಕೂಟರುಗಳಲ್ಲಿ ಕಾಲಿಡುವ ಕಡೆ ನಡುವೆ ಒಂಟೆಯ ಬೆನ್ನಿನ ಹಾಗೆ ಉಬ್ಬಿರುತ್ತದೆ, ಅಕ್ಕಿ ಚೀಲ ಇಡುವ ಹಾಗಿಲ್ಲ. ಅಷ್ಟು ದೂರ ಒಂದೇ ಕಡೆಗೆ ಕಾಲು ಹಾಕಿ ಕೂರಲಾಗದು, ಚೂಡಿದಾರ ಹಾಕಲೇಬೇಕು ಅಂತಾಯಿತು. ಗಿರಿಜಾ ಒಂದು ವಾರ ಅದನ್ನೇ ಹಿಡಿದಳು. "ಅತ್ತಿಗೆ, ಕಾಲೇಜಿಗೆ ಹೆಸರು ಹಚ್ಚಿಸ್ತೀಯಾ ಹೆಂಗೆ?" ಅಂತ.

ಯಜಮಾನರ ಪರೀಕ್ಷೆ ಬೇರೆ. ಅವರದು ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಾರೆ. ಬೇರಿಂಗ್ ಸವೆದದ್ದು, ಶಾಫ್ಟ್ ಉಜ್ಜುವುದು, ಎಲ್ಲ ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಸ್ಕೂಟರನ್ನೂ ಹಾಗೇ ಆರಿಸುತ್ತೇನೆ ಅಂತ ಅವರ ಹಟ. ಶೋರೂಮಿನ ಹೊಸ ಗಾಡಿ ಬೇಡವೆಂದರು. ಹೊಸದರ ಗುಣ ಯಾರಿಗೆ ಗೊತ್ತು, ಒಂದಷ್ಟು ಓಡಿದ್ದಾದರೆ ಬಾಯಿ ಬಿಡುತ್ತದೆ ಅಂದರು. ಯಾಕೆ ಇಷ್ಟು ಪರೀಕ್ಷೆ ಅಂದರೆ, ಶ್ರೀಶೈಲದ ದಾರಿ ಕೊನೆಗೆ ನಲ್ಲಮಲ ಕಾಡಿನೊಳಗೆ ಹೋಗುತ್ತದೆ. ಅಲ್ಲಿ ಗಾಡಿ ನಿಂತರೆ ನಮ್ಮಂಥ ವಯಸ್ಸಾದವರಿಬ್ಬರು ಅದನ್ನು ತಳ್ಳಿಕೊಂಡು ಎಲ್ಲಿಗೆ ಹೋಗುವುದು?

ಎರಡು ಗಾಡಿ ಗೊತ್ತಾದವು. ಒಂದು ಮೊಳಕಾಲ್ಮೂರಿನಲ್ಲಿ, ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವವರದ್ದು. ಸೀರೆಗಂಟು ಕಟ್ಟಿಕೊಂಡು ಬಳ್ಳಾರಿಗೆ ಓಡಾಡಿದ ಗಾಡಿ. ಇನ್ನೊಂದು ರಾಂಪುರದ ಒಬ್ಬ ವ್ಯಾಪಾರಿಯದ್ದು. ಎರಡೂ ಒಂದೇ ಕಂಪನಿಯವು, ಒಂದೇ ಬಣ್ಣ. ಆ ದಿನ ಯಜಮಾನರು ಬೆಳಿಗ್ಗೆ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ಎರಡರಲ್ಲಿ ಯಾವುದನ್ನೂ ನಾನು ಕಂಡಿರಲಿಲ್ಲ, ಅವುಗಳ ಸದ್ದನ್ನೂ ಕೇಳಿರಲಿಲ್ಲ.

ಶೇಂಗಾ ಸುಲಿಯುತ್ತಾ ಕೂತಾಗ ನನಗೆ ಕೇಳಿಸಿದ್ದು ಇಷ್ಟು. ನಮ್ಮ ಗೇಟಿನ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಸಣ್ಣ ಗಾಡಿಯ ಗಿರಗಿರ ಅಲ್ಲ, ಎದೆಯೊಳಗಿಂದ ಬಂದಂಥ ದಪ್ಪ ಸದ್ದು. ಆಫ್ ಆಯಿತು. ಸ್ಟ್ಯಾಂಡ್ ಹಾಕಿದರು. ಆಮೇಲೆ, ಕಬ್ಬಿಣವನ್ನು ಯಾರೋ ಉಗುರಿನಿಂದ ತಟ್ಟಿದ ಹಾಗೆ ಟಿಕ್, ಟಿಕ್, ಟಿಕ್ ಅಂತ ಸದ್ದು ಬಂದು, ಬರಬರುತ್ತಾ ನಿಧಾನವಾಗಿ ನಿಂತುಹೋಯಿತು. ನಾನು ಏಳುವ ಮೊದಲೇ ಗಿರಿಜಾ ತಲೆಯೆತ್ತಿ, "ಅತ್ತಿಗೆ, ಅಣ್ಣ ಬಂದ ನೋಡು," ಅಂದಳು.

ಇಬ್ಬರೂ ಎದ್ದು ಬಾಗಿಲಿಗೆ ಹೋದೆವು. ಗೇಟಿನ ಮುಂದೆ ಯಾರೂ ಇರಲಿಲ್ಲ. ಬಿಸಿಲು ಬಿದ್ದಿತ್ತು, ಅಷ್ಟೆ. ನಮ್ಮದು ಮುಂದೆ ದಾರಿಯಿಲ್ಲದ ಬೀದಿ. ಬಂದ ಗಾಡಿ ತಿರುಗಿ ನಮ್ಮ ಮುಂದೆಯೇ ಹೋಗಬೇಕು. ಎದುರು ಮನೆಯಲ್ಲಿ ಮೇಷ್ಟ್ರು ಬಾಗಿಲಲ್ಲೇ ಕೂತು ಪೇಪರ್ ಓದುತ್ತಿದ್ದರು. ಕೇಳಿದರೆ, "ಯಾವ ಗಾಡೀನೂ ಬಂದಿಲ್ಲವಲ್ಲಮ್ಮ," ಅಂದರು.

"ಸ್ಕೂಟರ್ ಸದ್ದು ಕೇಳ್ತಲ್ಲ ಗಿರಿಜಾ?" ಅಂದೆ.

"ಸ್ಕೂಟರಾ? ನಾನೆಲ್ಲಿ ಕೇಳ್ದೆ? ಅಣ್ಣ ಕೆಮ್ಮಿದ್ದು ಕೇಳ್ತು. ಗೇಟಿನತ್ರ ನಿಂತು ಕೆಮ್ತಾನಲ್ಲ, ಹಂಗೇ."

ನಾನು ಕೆಮ್ಮು ಕೇಳಿರಲಿಲ್ಲ. ಅವಳು ಸ್ಕೂಟರ್ ಕೇಳಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಬಂದು ಕೂತೆವು. ಕೈ ಶೇಂಗಾಕ್ಕೆ ಹೋಗಲಿಲ್ಲ. ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅವರಿಗೇನೂ ಆಗದಿರಲಿ ಅಂತ ಅಲ್ಲಿಂದಲೇ ಕೈ ಮುಗಿದೆ. ಆಗ ಫೋನು ಬಂತು. ಅವರ ದನಿ ಕೇಳಿದ ಕೂಡಲೇ ಅರ್ಧ ಭಯ ಇಳಿಯಿತು.

"ರಾಂಪುರದಾಗಿದೀನಿ. ಇಲ್ಲಿ ಗಾಡೀನೇ ಗಟ್ಟಿ ಮಾಡ್ತೀನಿ," ಅಂದರು. "ಕೂಸು ಮಲಗಿದಂಗೈತೆ, ಎಂಜಿನ್ನು ಅಷ್ಟು ನುಣ್ಣಗೆ ಓಡ್ತೈತೆ. ಮೊಳಕಾಲ್ಮೂರಿಂದು ಬ್ಯಾಡ."

"ಅದಕ್ಕೇನಾಗೈತ್ರಿ?"

"ಏನೋ ನಂಗೆ ಸರಿಬರಲಿಲ್ಲ ಬಿಡು."

ನಾನು ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ. "ಆಫ್ ಮಾಡಿದ ಮ್ಯಾಲೆ ಟಿಕ್ ಟಿಕ್ ಅಂತೈತೇನ್ರಿ ಅದು?" ಅಂದೆ.

ಹಿಂದೆ ಲಾರಿಯೊಂದು ಹೋಯಿತು. "ನಿಂಗ್ಯಾರೇ ಹೇಳಿದ್ರು?" ಅಂದರು.

"ಯಾರೂ ಹೇಳಿಲ್ಲ. ಈಗ ನಮ್ಮ ಗೇಟಿಗೆ ಬಂದು ನಿಂತಿತ್ತು."

"ಬಿಸಿಲಿಗೆ ನಿನ್ನ ತಲೆ ಕೆಟ್ಟೈತೆ ನೋಡು," ಅಂತ ನಕ್ಕರು. ಆದರೆ ಆ ನಗು ಸರಾಗವಾಗಿರಲಿಲ್ಲ. ಆ ಟಿಕ್ ಟಿಕ್ ಕೇಳಿಯೇ ಅವರು ಮೊಳಕಾಲ್ಮೂರಿನ ಗಾಡಿಯನ್ನು ಬಿಟ್ಟು ಬಂದಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಗಾಡಿಯವರಿಗೂ ಹೇಳಿರಲಿಲ್ಲ.

ರಾಂಪುರದ ಗಾಡಿಯನ್ನು ಸ್ಟಾರ್ಟ್ ಮಾಡಿ ಫೋನಿನಲ್ಲಿ ಕೇಳಿಸಿ ಅಂದೆ. ಫೋನಿನಲ್ಲಿ ಸ್ಕೂಟರ್ ನೋಡುವವಳನ್ನು ಈವತ್ತೇ ಕಂಡೆ ಅಂತ ಬೈದುಕೊಂಡು ಕೇಳಿಸಿದರು. ಆಫ್ ಮಾಡಿದ ಮೇಲೆ ಏನೂ ಸದ್ದಿಲ್ಲ. ನಾನು ಕೇಳಿದ್ದು ಇದಲ್ಲ ಅನ್ನಿಸಿತು. ಯೋಚನೆಗೆ ಹೊತ್ತಿರಲಿಲ್ಲ. "ರೀ, ಹರಕೆ ನಂದು, ಹಿಂದೆ ಕೂರೋಳು ನಾನು. ಗೇಟಿಗೆ ಬಂದದ್ದನ್ನೇ ತನ್ನಿ," ಅಂದುಬಿಟ್ಟೆ. ಮದುವೆಯಾದ ಮೇಲೆ ಮೋಟಾರಿನ ವಿಷಯದಲ್ಲಿ ಅವರಿಗೆ ಎದುರು ಹೇಳಿದ್ದು ಅದೇ ಮೊದಲು. ಅವರು ತಿರುಗಿ ಮೊಳಕಾಲ್ಮೂರಿಗೆ ಹೋದರು. ನೇಯುವವರು ನಕ್ಕು, "ಸದ್ದು ಮಾಡ್ತೈತೆ ಸಾರ್ ನಮ್ಮ ಬಂಡಿ, ಮೋಸ ಮಾಡಲ್ಲ," ಅಂದರಂತೆ.

ಹೊತ್ತು ಇಳಿಯುವಾಗ ಗಾಡಿ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಅದೇ ದಪ್ಪ ಸದ್ದು, ಅದೇ ಸ್ಟ್ಯಾಂಡು, ಅದೇ ಟಿಕ್ ಟಿಕ್. ಆಮೇಲೆ ಅವರ ಕೆಮ್ಮು. ಗಿರಿಜಾ ಮನೆಗೆ ಹೋಗದೆ ಕಾದಿದ್ದವಳು ನನ್ನ ತೋಳು ಹಿಡಿದುಕೊಂಡಳು. ಆರತಿ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿಯನ್ನು ಒಳಗೆ ತೆಗೆದುಕೊಂಡೆವು.

ಮರುದಿನ ನಮ್ಮ ಬೀದಿಯ ತುದಿಯ ಮೆಕ್ಯಾನಿಕ್‌ಗೆ ತೋರಿಸಿದಾಗ ಆ ಸದ್ದಿನ ಗುಟ್ಟು ಗೊತ್ತಾಯಿತು. ಅದು ರೋಗವೇ ಅಲ್ಲವಂತೆ. ಚೆನ್ನಾಗಿ ಓಡಿ ಕಾದ ಸೈಲೆನ್ಸರ್ ಆರುವಾಗ ಹಾಗೆ ಬಡಿಯುತ್ತದಂತೆ, ಇಂಥ ದೊಡ್ಡ ಗಾಡಿಗಳಲ್ಲೆಲ್ಲ ಇರುವುದೇ ಅಂತೆ. ಮೊಳಕಾಲ್ಮೂರಿನಲ್ಲಿ ಗಾಡಿಯವರು ಇವರಿಂದ ಊರ ಹೊರಗೆ ಒಂದು ಸುತ್ತು ಹಾಕಿಸಿದ್ದರು. ರಾಂಪುರದ್ದನ್ನು ನಿಂತಲ್ಲೇ ಸ್ಟಾರ್ಟ್ ಮಾಡಿದ್ದರು, ಅದು ಕಾದೇ ಇರಲಿಲ್ಲ. ನಮ್ಮ ಯಜಮಾನರ ಬದುಕೆಲ್ಲ ನೀರೊಳಗೆ ಇಳಿಯುವ ಮೋಟಾರುಗಳ ಜೊತೆ ಕಳೆದದ್ದು. ನೀರಿನಲ್ಲಿರುವ ಮೋಟಾರು ಆರುವಾಗ ಯಾರಿಗೂ ಏನೂ ಕೇಳಿಸುವುದಿಲ್ಲ. ಸದ್ದಿದ್ದರೆ ಕೇಡಿದೆ ಅಂತ ಅವರ ಕಿವಿ ಕಲಿತುಬಿಟ್ಟಿತ್ತು. ಅವರು ಪೆಚ್ಚಾಗಿ ಸ್ಕ್ರೂಡ್ರೈವರನ್ನು ಅಂಗಡಿಗೆ ತೆಗೆದುಕೊಂಡು ಹೋದರು.

ಸದ್ದಿಗೆ ಕಾರಣ ಸಿಕ್ಕಿತು. ಆದರೆ ಅದು ನಮ್ಮ ಗೇಟಿಗೆ ಯಾಕೆ ಬಂತು ಅನ್ನುವುದಕ್ಕೆ ಸಿಗಲಿಲ್ಲ. ತಿಂಗಳು ಕಳೆದು ಶ್ರೀಶೈಲಕ್ಕೆ ಹೊರಡುವ ಹಿಂದಿನ ದಿನ ನನಗೆ ಹೆದರಿಕೆಯೂ ಆಯಿತು. ಇಲ್ಲದ ಸದ್ದೊಂದನ್ನು ನಂಬಿ, ಸಾವಿನ ಬಾಯಿಂದ ಬಂದ ಗಂಡನನ್ನು ಕಾಡಿನ ದಾರಿಗೆ ಎಳೆದುಕೊಂಡು ಹೋಗುತ್ತಿದ್ದೇನೆಯೇ ಅನ್ನಿಸಿತು. ಗಾಡಿ ಕೈಕೊಟ್ಟರೆ ಅವರು ಬಾಯಲ್ಲಿ ಏನೂ ಅನ್ನುವುದಿಲ್ಲ, ಆದರೆ ಆರಿಸಿದವಳು ನಾನು.

ಗಾಡಿ ಕೈಕೊಡಲಿಲ್ಲ. ಬಳ್ಳಾರಿ, ಕರ್ನೂಲು, ಆತ್ಮಕೂರು, ಅಲ್ಲಲ್ಲಿ ಉಳಿದು ಹೋದೆವು. ಹೊಟ್ಟೆ ತೊಳಸಲಿಲ್ಲ. ಬಿಸಿಲಿಗೆ ಮೋಡ ಅಡ್ಡ ಬಂತು. ಚಕ್ರಕ್ಕೆ ಒಂದು ಮುಳ್ಳೂ ಚುಚ್ಚಲಿಲ್ಲ. ಒಂದೊಂದನ್ನೂ ಮನಸ್ಸಿನಲ್ಲೇ ಎಣಿಸಿಕೊಂಡು ಕೂತಿದ್ದೆ. ಕಾಡಿನ ತಿರುವುಗಳಲ್ಲಿ ಅವರು ಒಮ್ಮೆಯೂ ಸೊಂಟ ನೋವು ಅನ್ನಲಿಲ್ಲ. ಮಲ್ಲಯ್ಯನ ಮುಂದೆ ನಿಂತಾಗ ಏನು ಬೇಡಬೇಕೆಂದು ತೋಚದೆ, "ಬಂದ್ವಪ್ಪಾ," ಅಂದೆ, ಅಷ್ಟೆ. ಪಕ್ಕದಲ್ಲಿ ಅವರು ನಿಂತಿದ್ದರು.

ವಾಪಸ್ ಬರುವಾಗ ರಾಂಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಲ್ಲೇ ಹೋಟೆಲಿನ ಮುಂದೆ ಆ ಇನ್ನೊಂದು ಗಾಡಿ ನಿಂತಿತ್ತು. ಬೇರೆಯವರು ಕೊಂಡಿದ್ದರು. ಹೇಗಿದೆ ಅಂತ ಯಜಮಾನರು ವಿಚಾರಿಸಿದರು. ಒಂದು ದಿನವೂ ಕಾಡಿಸಿಲ್ಲ, ಮಂತ್ರಾಲಯಕ್ಕೂ ಹೋಗಿ ಬಂದೆವು ಅಂದರು. ಒಳ್ಳೆಯದಾಯಿತು. ಆದರೆ ನನ್ನ ತಲೆಯನ್ನು ಮತ್ತೆ ಯಾರೋ ಕೆದಕಿದ ಹಾಗಾಯಿತು. ಅದರಲ್ಲಿ ಹೋಗಿದ್ದರೂ ಹರಕೆ ತೀರುತ್ತಿತ್ತಲ್ಲ? ಹಾಗಾದರೆ ಆವತ್ತು ಗೇಟಿಗೆ ಬಂದು ನಿಂತದ್ದು ಯಾಕೆ, ಯಾರಿಗಾಗಿ?

ಚಹಾ ಕುಡಿಯುತ್ತಾ ಅವರು ತಾವಾಗಿಯೇ ಒಂದು ಮಾತು ಹೇಳಿದರು. ಮೊಳಕಾಲ್ಮೂರಿನಲ್ಲಿ ಒಂದು ಸುತ್ತು ಹಾಕಿ ಆ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ, ಒಳಗೆ ಮಗ್ಗದ ಸದ್ದು ಬರುತ್ತಿದ್ದರೂ, ಒಂದು ಗಳಿಗೆ ಅವರಿಗೆ ಅದು ನಮ್ಮ ಮನೆಯ ಗೇಟೆಂದೇ ಅನ್ನಿಸಿತಂತೆ. ನನ್ನನ್ನು ಕರೆಯಲು ಬಾಯಿ ತೆರೆದು, ನಾಚಿಕೆಯಾಗಿ ಕೆಮ್ಮಿದರಂತೆ. ನಾನು ಲೋಟ ಕೆಳಗಿಟ್ಟೆ. ಆದರೆ ಅದೂ ಹೊಂದುವುದಿಲ್ಲ. ಅವರು ಅಲ್ಲಿ ಗಾಡಿ ನಿಲ್ಲಿಸಿದ್ದು ಊಟಕ್ಕೆ ಮೊದಲು. ನಮಗೆ ಕೇಳಿಸಿದ್ದು ಅವರು ರಾಂಪುರ ಮುಟ್ಟಿದ ಮೇಲೆ. ಅಷ್ಟು ಹೊತ್ತು ಆ ಸದ್ದು ಎಲ್ಲಿತ್ತು? ಅದರಲ್ಲಿ ಅರ್ಧ ನನಗೆ, ಅರ್ಧ ಗಿರಿಜಾಗೆ ಹಂಚಿದವರು ಯಾರು? ಓದುವ ನಿಮಗೆ ಏನಾದರೂ ತೋಚಿದರೆ ಸಂತೋಷ. ನನಗೆ ಇವತ್ತಿಗೂ ತೋಚಿಲ್ಲ. ಮಲ್ಲಯ್ಯನ ಲೀಲೆ ಅಂದುಬಿಡುವುದು ಸುಲಭ, ಆದರೆ ತಿಳಿಯದ್ದನ್ನೆಲ್ಲ ಅವನ ತಲೆಗೆ ಕಟ್ಟಲು ನನಗೆ ಇಷ್ಟವಿಲ್ಲ.

ಮನೆ ಮುಟ್ಟಿದಾಗ ಗಿರಿಜಾ ಬಾಗಿಲಲ್ಲೇ ಕೂತಿದ್ದಳು. ಚೂಡಿದಾರದ ಮೇಲೆಲ್ಲ ಧೂಳು ಹೊತ್ತು ಇಳಿದ ನನ್ನನ್ನು ನೋಡಿ ನಕ್ಕಳು. ಪ್ರಸಾದ ಕೊಟ್ಟು, ಮೆಲ್ಲಗೆ ಕೇಳಿದೆ: "ಈ ಸಲ ಮೊದಲೇ ಏನಾರ ಕೇಳಿಸ್ತೇನೇ?"

"ಇಲ್ಲ ಅತ್ತಿಗೆ," ಅಂದಳು. "ಕೇಳ್ತೈತೇನೋ ಅಂತ ಮಧ್ಯಾಹ್ನದಿಂದ ಕಿವಿ ಕೊಟ್ಟು ಕೂತಿದ್ದೆ. ಏನೂ ಇಲ್ಲ. ಸುಮ್ನೆ ನೀವೇ ಬಂದ್ರಿ."

ಅವಳ ದನಿಯಲ್ಲಿ ಸ್ವಲ್ಪ ಬೇಸರವಿತ್ತೇನೋ. ನನಗೆ ಮಾತ್ರ, ಸುಮ್ಮನೆ ನಾವೇ ಇಬ್ಬರೂ ಬಂದದ್ದು ಸಾಕೆನ್ನಿಸಿತು. ಕೈಕಾಲು ತೊಳೆದು, ನಾಳೆ ಬೆಳಿಗ್ಗೆಯ ಇಡ್ಲಿಗೆ ಉದ್ದಿನಬೇಳೆ ನೆನೆಹಾಕಲು ಒಳಗೆ ಹೋದೆ.